ಉಡ ಅಂದ್ರ ಉಡುಪಿ

ಮುಂಜಾನೆ ಮಗ್ಗದ ಕುಣಿಯಾಗ ಕಾಲಿಳಿಬಿಟ್ಟೆ,
ಕಾಲ್ಹಲಗಿ ಮ್ಯಾಲ ಇನ್ನೊಂದು ಕಾಲಿತ್ತು.
ನಂದಲ್ಲ. ತಣ್ಣಗಿತ್ತು. ಉಗುರಿದ್ದುವು.

ಚೀರಿದ್ದು ನಾನೋ ಮಗ್ಗವೋ ಗೊತ್ತಿಲ್ಲ.
ಬ್ಯಾಟರಿ ಬಿಟ್ಟು ನೋಡಿದ್ರ
ಮೊಳದ ಮ್ಯಾಲ ಉದ್ದಂದು ಉಡ,
ಹಲಗಿ ತಬ್ಬಿಕೊಂಡು ಕುಂತಿತ್ತು,
ಬಂದು ವಾರಾದ್ರೂ ಏಳದ ಬೀಗರಂಗ.
ಮ್ಯಾಲ ಖಣ ಅರ್ಧಕ್ಕ ನಿಂತಿತ್ತು,
ಕೆಂಪಿಗೆ ಹಸಿರು ದಡಿ,
ಶನಿವಾರ ಸಾವಕಾರಗ ಒಪ್ಪಸೂದು.

ಓಣಿ ಕೂಡಿತು.
"ಉಡ ಹೊಕ್ಕ ಮನಿ ಬಿಡಬೇಕವ್ವ" ಅಂದ್ಲು ತಿರಕವ್ವ.
ನಿಮ್ಮಲ್ಲಿ ಜಾಗಾ ಐತೇನು ಅಂದ್ರ
ಸೆರಗು ಝಾಡಿಸಿ ಹ್ವಾದ್ಲು.
ಮೂಲಿಮನಿ ಹುಡುಗರಿಬ್ಬರು ಬಡಿಗಿ ತಂದ್ರು:
"ರೊಕ್ಕ ಬ್ಯಾಡ ಅತ್ತಿ, ಖಾರ ಮಸಾಲಿ ನಮ್ಮದ,
ನಿನಗೊಂದು ಬಟ್ಟಲಾ ಸಾರು, ಸೊಂಟಕ್ಕ ಛಲೋ."
ನನ್ನ ಸೊಂಟ ನೋಯ್ತಿತ್ತು, ಸುಳ್ಳಲ್ಲ.
ಆದ್ರ ಅದು ನನ್ನ ಹಲಗಿ ಹಿಡದಿತ್ತು,
ಹಂಗ ಹಿಡಕೊಂಡದ್ದನ್ನ ಬಡಿಯೂದು ಹೆಂಗ?
ಬಾಗಿಲಾ ಹಾಕ್ಕೊಂಡೆ.

ಫೋನಿಗೆ ಬಾಯಿ ಹಚ್ಚಿ ಕೇಳಿದೆ:
"ಉಡ ಹಿಡಿಯವರು, ಗುಳೇದಗುಡ್ಡ."
ಅದು ಉಡುಪಿ ಹೋಟೆಲ್ ಮೂರು ತೋರಿಸಿತು.
"ಉಡಾ" ಅಂದೆ, ಎಳದು.
ಊಟಾ ಅಂತ ತಿಳಕೊಂಡು ಖಾನಾವಳಿ ತಗದಿತು,
ರೊಟ್ಟಿ, ಎಣಗಾಯಿ ಫೋಟೋ ಸಮೇತ.
ಹಸಿವ್ಯಾಗಿದ್ದು ನನಗ ಆಗ ಗೊತ್ತಾತು.

ಒಂದೊಂದ ಅಕ್ಷರ ಒತ್ತಿ ಬರದೆ.
ಹುಬ್ಬಳ್ಳಿ ಕಂಪನಿಯಾಕಿ ಸಕ್ಕರಿ ದನಿಲೆ ಕೇಳಿದ್ಲು,
"ಜಿರಳೆಯೋ ಗೆದ್ದಲೋ ಮೇಡಂ? ಎಷ್ಟು ಚದರಡಿ?"
ಎರಡು ಕಾಲು ಹಿಡಿಸೂವಷ್ಟು, ಅಂದೆ.
ಆಕಿ ಸುಮ್ಮನಾದ್ಲು, ಹಾಡು ಹತ್ತಿತು.
ಇನ್ನೊಬ್ಬಾಂವ ಮೊದಲ ಅರ್ಧ ರೊಕ್ಕ ಹಾಕು ಅಂದ.
ಎಲ್ಲಿಂದ ಬರ್ತೀಯಪ್ಪಾ ಅಂದ್ರ, ಪುಣೆ.

ಎಲ್ಲಾದಕ್ಕೂ ಕೆಳಗ ಒಂದು ಕೈಯ ಫೋಟೋ.
ಮಾರಿ ಇಲ್ಲ, ಬರೇ ಕೈ, ಕೈಯಾಗ ಕೇರಿಹಾವು.
"ಜೀವಂತ ಹಿಡಿದು ಗುಡ್ಡಕ್ಕೆ ಬಿಡಲಾಗುವುದು."
ನಾಕೂವರಿ ಚುಕ್ಕಿ. ಅರ್ಧ ಕಿಲೋಮೀಟರ್.
ಒತ್ತಿದೆ. ಪರದೆ ಮ್ಯಾಲ ಹೆಸರು ಬಂತು,
ನಾನ ಎಂದೋ ಬರಕೊಂಡಿದ್ದು:
ಗಿರಣಿ ರಾಜೇಸಾಬ.

ಹತ್ತೊಂಬತ್ತು ವರ್ಷ ನನ್ನ ಜ್ವಾಳ ಬೀಸಿದಾಂವ
ಹುಬ್ಬಿನ್ಯಾಗ ಹಿಟ್ಟು ಹೊತಗೊಂಡ ಬಂದ.
"ಇದ್ಯಾವಾಗಿಂದೋ?"
"ಕರೆಂಟ್ ಹ್ವಾದಾಗ ಇನ್ನೇನ ಮಾಡೂದ್ರಿ ಅಕ್ಕಾರ?"

ಎಳಿಯೋ ಅಂದೆ. ಎಳೀಲಿಲ್ಲ.
"ಎಳದಷ್ಟೂ ಬಿಗೀತೈತ್ರಿ ಇದು.
ಬ್ಯಾಟರಿ ಆರಿಸ್ರಿ. ಅದಕ್ಕ ಬ್ಯಾಸರಾಗಲಿ."
ಕುಣಿ ದಂಡೀಗೆ ಇಬ್ಬರೂ ಕುಂತ್ವಿ, ಕತ್ತಲಾಗ.
ಚಾ ಆರಿತು.
ಅಂವ ಖಣ ಮುಟ್ಟಾಕ ಹೋಗಿ
ಹಿಟ್ಟಿನ ಕೈ ಅಂತ ಹಿಂದಕ್ಕ ತಗೊಂಡ.
"ಇದನ್ನ ನೀವ ನೇಯ್ತೀರೇನ್ರಿ?
ನಮ್ಮಾಕಿ ಕುಬಸಾ ಇದ ದಡೀದೈತಿ,
ಬಾದಾಮಿ ಅಂಗಡ್ಯಾಗ ತಂದಿದ್ದು."
ಅರ್ಧ ಕಿಲೋಮೀಟರ್ ದಾಟಾಕ ನನ್ನ ಬಟ್ಟಿ
ಬಾದಾಮಿ ತನಕಾ ಹೋಗಿ ಬಂದಿತ್ತು.

ಯಾವಾಗೋ ಕೆಳಗ ಸರ್ ಅಂತು.
ಗೋಣಿಚೀಲದ ಬಾಯಿ ತೆರದು ಹಿಡದ,
ಅದು ತನ್ನ ಮನಿಗೆ ಹ್ವಾದಂಗ ಹೊಕ್ಕಿತು,
ಒಳಗಿನ ಹಿಟ್ಟಿಗೆ ಎರಡು ಸಲ ಬುಸ್ ಅಂತು.

ರೊಕ್ಕ ಎಷ್ಟೋ?
"ಗುಡ್ಡಕ್ಕ ಹೋಗೂ ಪೆಟ್ರೋಲಿಂದ ಕೊಡ್ರಿ.
ಮತ್ತ, ಅಕ್ಕಾರ, ಅದರಾಗ ಐದು ಚುಕ್ಕಿ ಒತ್ರಿ."
ಒತ್ತಿದೆ. ನಿಮ್ಮ ಅನುಭವ ಬರೆಯಿರಿ ಅಂತು ಫೋನು.
ಭಾಳ ಹೊತ್ತು ಯೋಚಿಸಿ ಬರದೆ:
ಹಿಟ್ಟು ಸಣ್ಣಗ ಬೀಸ್ತಾನ.

ಈಗ ಕಾಲ್ಹಲಗಿ ಮ್ಯಾಲ ನಾಕು ಗೀರು.
ಹೆಬ್ಬೆರಳು ಹುಡುಕ್ಯಾಡಿ ಅಲ್ಲೇ ಹೋಗತೈತಿ.

ಶನಿವಾರದ ಖಣ ಸೋಮವಾರ ಒಯ್ದೆ.
"ಯಾಕ ತಡಾ?" ಅಂದ ಸಾವಕಾರ, ಲೆಕ್ಕದಿಂದ ತಲಿ ಎತ್ತದ.
"ಉಡ" ಅಂದೆ.
"ಆತವ್ವ ಆತು" ಅಂದ, "ನಿಂದು?"