ಹಗ್ಗದ ಈ ತುದಿ

ಬಾಗಿಲಲ್ಲೇ ಒಂದು ಕಾಗದ, ದಾರ ಕಟ್ಟಿದ ಪೆನ್ಸಿಲು.
ತುರ್ಕುವಿನ ಫೆಬ್ರವರಿ; ಹಿಂದೆ ಸಾಲು ಬೆಳೆದಿತ್ತು,
ಸಹಿ ಹಾಕಿದವರಿಗೆ ಒಳಗೆ ಬಿಸಿ ಜ್ಯೂಸು.
ಓದದೆ ಹಾಕಿದೆ ನಾನು,
ದಿನಕ್ಕೆ ಎಂಟು ಮಂದಿಯ ಸಹಿ ಪಡೆಯುವವಳು,
ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಕೆಲಸದವಳು.

ಹಳೆಯ ಹಗ್ಗದ ಕಾರ್ಖಾನೆ. ಯಂತ್ರ ಹೋಗಿ ಎಷ್ಟೋ ವರ್ಷ,
ನೆಲದ ಹಲಗೆಗೆ ಇನ್ನೂ ಡಾಂಬರಿನ ವಾಸನೆ.
ಎರಡನೆಯ ಮಹಡಿಯ ಗೋಡೆಯಲ್ಲೊಂದು ಬಾಗಿಲು,
ಆಚೆ ಮೆಟ್ಟಿಲಿಲ್ಲ, ಬಾಲ್ಕನಿಯಿಲ್ಲ;
ಹಿಂದೆ ನಾರಿನ ಮೂಟೆ ಅಲ್ಲಿಂದ ಒಳಗೆಳೆಯುತ್ತಿದ್ದರಂತೆ.
ಆ ಹೊಸ್ತಿಲಲ್ಲಿ, ಕಾಲ್ಬೆರಳು ಒಳಗೆ, ಹಿಮ್ಮಡಿ ಹೊರಗೆ,
ತೈಮಿ ಕೊರ್ಪೆಲಾ. ಬೂದು ಸ್ವೆಟರು, ಬರಿಗಾಲು.
ಸೊಂಟಕ್ಕೆ ಹಗ್ಗ. ಹಗ್ಗ ತೊಲೆಯ ರಾಟೆ ಹಾದು
ನಮ್ಮ ಕಡೆ ಬಂದು ನೆಲದ ಮೇಲೆ ಬಿದ್ದಿತ್ತು
ಯಾರದೂ ಅಲ್ಲದ ಹಾಗೆ.

"ಹನ್ನೊಂದು ಜನ ಬೇಕು," ಎಂದಳು. ಅಷ್ಟೆ.
ಪಕ್ಕದವನು ಎದ್ದ, ನನ್ನ ಮೊಣಕಾಲು ತಾನೇ ಎದ್ದಿತು.
ಅವಳು ಹೊರಕ್ಕೆ ವಾಲಿದಳು;
ಬೆನ್ನ ಕೆಳಗೆ ಅಂಗಳದ ಕಲ್ಲು, ಕಲ್ಲಿನ ಮೇಲೆ ಮಂಜುಗಡ್ಡೆ.
ಒಬ್ಬೊಬ್ಬರ ಪಾಲಿಗೆ ಐದು ಕಿಲೋ ಬಂದಿತೇನೋ,
ಒಂದು ಚೀಲ ಆಲೂಗಡ್ಡೆ. ನಗು ಕೂಡ ಬಂತು.

ಹತ್ತು ನಿಮಿಷದ ಮೇಲೆ ನನ್ನ ಹಿಂದಿನ ಹುಡುಗ
ಜೇಬಿನ ಕಾಗದ ತೆಗೆದು ಗಟ್ಟಿಯಾಗಿ ಓದಿದ:
"ಹಿಡಿದವರು ಯಾವಾಗ ಬೇಕಾದರೂ ಬಿಡಬಹುದು.
ಕಾರಣ ಹೇಳಬೇಕಾಗಿಲ್ಲ."
ಓದಿ, ಮಡಚಿ, ಬಿಟ್ಟು ಹೋದ.

ಬಿಡುವವರು ಎಷ್ಟು ಮರ್ಯಾದಸ್ಥರು!
ಒಬ್ಬಾಕೆಗೆ ಕೊನೆಯ ಬಸ್ಸು. ಒಬ್ಬನಿಗೆ ಹಳೆಯ ಭುಜನೋವು.
ಫೋಟೋ ತೆಗೆದು ಬರುತ್ತೇನೆಂದವನು ಹಗ್ಗಕ್ಕೆ ಮರಳಲಿಲ್ಲ.
ಎಲ್ಲರೂ "ಕ್ಷಮಿಸಿ" ಅಂದರು,
ಅವಳಿಗಲ್ಲ, ನಮಗೆ.

ಏಳು. ಐದು. ನಾಲ್ಕು.
ನನಗೂ ಇತ್ತಲ್ಲ ಬಿಡುವ ಹಕ್ಕು, ಸಹಿ ಸಮೇತ?
ಇತ್ತು. ಹೋದವರು ಒಬ್ಬೊಬ್ಬರೇ
ನನ್ನ ಪಾಲಿನದನ್ನೂ ಖರ್ಚು ಮಾಡಿ ಹೋಗಿದ್ದರು.
ಬೀಳುವುದಕ್ಕೆ ಅವಳು ಒಪ್ಪಿದ್ದಳು, ವಾರಗಟ್ಟಲೆ ಯೋಚಿಸಿ.
ಬೀಳಿಸುವುದಕ್ಕೆ ನಾನು ಯಾವಾಗ ಒಪ್ಪಿದೆ?
ಯಾರೂ ಕೇಳಲಿಲ್ಲ. ಜ್ಯೂಸು ಬಿಸಿಯಾಗಿತ್ತು.

ಕೂತವರು ನಲವತ್ತು ಜನ. ಒಬ್ಬರಾದರೂ ಏಳಬಹುದಿತ್ತು.
ಎದ್ದರೆ ಪ್ರದರ್ಶನ ಕೆಟ್ಟೀತೆಂದು
ಸಭ್ಯವಾಗಿ ಕೂತಿದ್ದರು.
ಅವಳೋ, ಯಾರನ್ನೂ ನೋಡುತ್ತಿರಲಿಲ್ಲ;
ರಾಟೆ ನೋಡುತ್ತಿದ್ದಳು, ಗಡಿಯಾರ ನೋಡುವ ಹಾಗೆ.
ನನಗೆ ಸಿಟ್ಟು ಬಂತು.
ಕೇಳದೆ ಇಷ್ಟು ನಂಬಿಕೆ ಹೊರಿಸುವುದೂ ಒಂದು ದೌರ್ಜನ್ಯ
ಅನ್ನಿಸಿತು. ಅನ್ನಿಸಿದ ಕ್ಷಣ ಅಂಗೈ ಜಾರಿತು, ಒಂದು ಗೇಣು.
ಅಲ್ಲಿ ಅವಳ ತಲೆ ಕೆಳಗಿಳಿಯಿತು.

"ಸಿಟ್ಟು ಆಮೇಲೆ," ಅಂದ ಮುದುಕ ಔಲಿಸ್,
ಇದೇ ನೆಲದ ಮೇಲೆ ಹಗ್ಗ ಹೊಸೆದ ಕೈಯವನು.
"ಮೊದಲು ಮುಂಗೈಗೊಂದು ಸುತ್ತು ಹಾಕಿಕೊ."
ಹಾಕಿಕೊಂಡೆ. ಇನ್ನು ಬಿಡಲು ಬರುವುದಿಲ್ಲ,
ಬಿದ್ದರೆ ಜೊತೆಗೇ.
ಆ ಸುತ್ತಿಗೆ ಯಾರ ಕಾಗದವೂ ಇರಲಿಲ್ಲ;
ಅವತ್ತು ನಾನು ಓದಿ ಹಾಕಿದ ಸಹಿ ಅದೊಂದೇ.

ಎಷ್ಟೋ ಹೊತ್ತಿನ ಮೇಲೆ ತಾನಾಗಿ ಒಳಗೆ ಕಾಲಿಟ್ಟಳು,
ಗಂಟು ಬಿಚ್ಚಿ ನೀರು ಕುಡಿದಳು. ಚಪ್ಪಾಳೆ.
ಎಲ್ಲರಿಗಿಂತ ಜೋರಾಗಿ ತಟ್ಟಿದವನು ಫೋಟೋದವನು.
ನನ್ನ ಅಂಗೈ ಸುಲಿದಿತ್ತು.

ಬೆಳಿಗ್ಗೆ ಏಳೂಕಾಲು, ವಾರ್ಡು.
ಕಾಗದ ಬಿಚ್ಚುವ ಮೊದಲೇ "ಎಲ್ಲಿ ಸಹಿ?" ಅಂದರು
ಎಂಬತ್ತು ದಾಟಿದ ಲೆಂಪಿ ಅಜ್ಜಿ, ಸೊಂಟದ ಶಸ್ತ್ರಚಿಕಿತ್ಸೆ.
ಪೆನ್ನು ಜೇಬಿಗೆ ಹಾಕಿಕೊಂಡೆ. ಮೊದಲ ಸಾಲಿಂದ ಓದಿದೆ:
ಉಸಿರು, ಹೃದಯ, ಎಚ್ಚರವಾಗದಿರುವ ಸಾಧ್ಯತೆ,
ಲಕ್ಷಕ್ಕೆ ಇಷ್ಟು ಮಂದಿ.
ಆಕಳಿಸಿದರು. "ಮಗೂ, ನಿನಗೆ ಸುಸ್ತಾಗೋದಿಲ್ವಾ?"
ಪೂರ್ತಿ ಓದಿದೆ.

ಆಮೇಲೆ ಮೇಜಿನ ಮೇಲೆ, ದೊಡ್ಡ ದೀಪದ ಕೆಳಗೆ,
ಅವರೇ ನನ್ನ ಕೈ ಹಿಡಿದರು. ಗವಸಿನೊಳಗೆ ಉರಿಯಿತು.
ಹತ್ತರಿಂದ ಹಿಂದಕ್ಕೆ ಎಣಿಸಿ, ಅಂದೆ.
ಹತ್ತು. ಒಂಬತ್ತು. ಎಂಟು.
ಏಳಕ್ಕೆ ಅವರು ಬಿಟ್ಟರು.