ಇಪ್ಪತ್ತು ಮಾರಿನ ಕೆಳಗೆ ಕೆಂಪು

ಕೊಯಿಪಾಡಿ ಕಡಪ್ಪುರದ ನನ್ನ ಗಾಳದಂಗಡಿಗೆ
ಹಸೈನಾರ್ ಬಂದರೆ ಒಂದು ಗಂಟೆ ಹೋಯಿತೆಂದೇ ಲೆಕ್ಕ.
ಏಳನೆಯ ಕ್ಲಾಸಿನವರೆಗೆ ಜತೆಗೆ ಓದಿದವ, ಓಡಿಸುವಂತಿಲ್ಲ.
ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆಸಿ
ಹುಸಿಮೀನುಗಳನ್ನೆಲ್ಲ ಮೇಜಿಗೆ ಸುರಿಸಿ
ಸೊಸೆಗೆ ಬಳೆ ಆರಿಸುವವನ ಹಾಗೆ
ಒಂದೊಂದನ್ನೇ ಬೆಳಕಿಗೆ ಹಿಡಿಯುತ್ತಾನೆ:
ರಬ್ಬರಿನ ಸಿಗಡಿ, ಬಾಲ ಅಲುಗುವ ಬೂತಾಯಿ,
ಸೀಸದ ಹೊಟ್ಟೆಗೆ ಬೆಳ್ಳಿ ಬಳಿದ ಜಿಗ್.
ನಾನೇ ಕಟ್ಟಿದ್ದೂ ಇದೆ ಅದರಲ್ಲಿ,
ಪಕ್ಕದ ಟೈಲರ್ ರುಖಿಯಾಳ ಚಿಂದಿಯಿಂದ
ಮದುವೆ ದುಪಟ್ಟಾದ ಜರಿ ಹೆಕ್ಕಿ,
ಉಗುರುಬಣ್ಣದಲ್ಲಿ ಕಣ್ಣಿಟ್ಟು.

"ಇದು," ಅನ್ನುತ್ತಾನೆ. ಕೆಂಪು.
ಯಾವಾಗಲೂ ಕೆಂಪು.

ಅವನಿಗೆ ಬೇಕಾದ್ದು ಅಡಿಯ ಮೀನು.
ನಾವು ಮುರು ಎನ್ನುತ್ತೇವೆ,
ಬಸ್ಸು ಚಂದ್ರಗಿರಿ ಹೊಳೆ ದಾಟಿದರೆ ಅದು ಕಲವ,
ಶಾರ್ಜಾದ ಹೋಟೆಲಲ್ಲಿ ಹದಿನೇಳು ವರ್ಷ
ಹಮೂರ್ ಎಂದು ಹುರಿದು ಬಡಿಸಿದವನು ಅವನೇ.
ಮೀನಿಗೆ ಇದೊಂದೂ ಗೊತ್ತಿಲ್ಲ.
ಕಲ್ಲಿನ ಸಂದಿಯಲ್ಲಿ ಬಾಯಿ ಮಾತ್ರ ಹೊರಗಿಟ್ಟು
ಸಾಲ ವಸೂಲಿಗೆ ಜಗಲಿಯಲ್ಲಿ ಕೂತವನ ತಾಳ್ಮೆಯಿಂದ
ಕಾಯುತ್ತದೆ.

"ಹಸೈನಾರೇ, ನೀರು ಮೊದಲು ತಿನ್ನುವುದೇ ಕೆಂಪನ್ನು.
ಐದು ಮಾರಿಗೆ ಕಂದು, ಹತ್ತಕ್ಕೆ ಕೆಸರು,
ಇಪ್ಪತ್ತು ಮಾರಿನ ಕೆಳಗೆ ಇದು ಬರೀ ಕಪ್ಪು.
ಹಸುರು ತಗೋ. ಬೇಡ, ಈ ಬೋಳು ಸೀಸವೇ ಸಾಕು."
ಅವನು ನಕ್ಕ.
"ನೀನು ಇಳಿದು ನೋಡಿದ್ದೀಯಾ, ಸುಗಂಧೀ?"

ನೋಡಿಲ್ಲ. ಅಂಗರ ಮಾವನೂ ನೋಡಿರಲಿಲ್ಲ.
ಕಿವಿ ಕೇಳದ ಮನುಷ್ಯ, ಐವತ್ತು ವರ್ಷ
ತೋರುಬೆರಳಲ್ಲೇ ಕಡಲನ್ನು ಕೇಳಿಸಿಕೊಂಡವ.
ದಾರವನ್ನು ಬೆರಳ ಮೇಲೆ ಹಾಯಿಸಿ
ಸೀಸ ನೆಲ ಮುಟ್ಟಿದ್ದೇ ಹೇಳುತ್ತಿದ್ದ:
ಮೆತ್ತಗೆ ಕೂತರೆ ಕೆಸರು, ನಂಗು ಇರುತ್ತದೆ, ಹುಳ ಕಟ್ಟು.
ಜಾರುತ್ತ ಹೋದರೆ ಮರಳು, ಕಾಣೆ, ಸಣ್ಣ ಗಾಳ.
ಕರಕರ ಅಂದರೆ ಚಿಪ್ಪು.
ಟಕ್ ಎಂದು ಬೆರಳಿಗೆ ಬಡಿದರೆ ಕಲ್ಲು,
ಆಗ ಒಂದು ಮೊಳ ಎತ್ತಿ ಹಿಡಿ, ಉಸಿರಾಡಬೇಡ.

ಬಣ್ಣದ ಬಗ್ಗೆ ಅವನು ಏನೂ ಹೇಳಲಿಲ್ಲ.
ಅವನ ಗಾಳಕ್ಕೆ ಕಟ್ಟುತ್ತಿದ್ದುದು
ಹಳೆಯ ಚಮಚದ ಚೂರು.
ಅದನ್ನೂ ಮೀನು ಕಂಡು ಬರುವುದಲ್ಲ,
ನಡುಕವನ್ನು ಮೈಯಲ್ಲಿ ಕೇಳಿ ಬರುತ್ತದೆ
ಎಂದು ತೋರಿಸುತ್ತಿದ್ದ,
ನನ್ನ ಅಂಗೈ ಮೇಲೆ ತನ್ನ ಅಂಗೈ ಅಲುಗಿಸಿ.

ಇಷ್ಟೆಲ್ಲ ಹೇಳಿದೆ. ಹಸೈನಾರ್ ಕೇಳಿದ.
ಕೆಂಪನ್ನೇ ಕಟ್ಟಿಸಿಕೊಂಡ. ಎರಡು.
ನೂರಾ ಎಂಬತ್ತು ರೂಪಾಯಿ. ಹತ್ತು ಬಿಟ್ಟೆ.

ಶುಕ್ರವಾರ ಕಳೆದು ಶನಿವಾರ ಬಂದ.
ಒಂದು ಕಲ್ಲಿಗೆ ಸಿಕ್ಕಿ ಅಲ್ಲೇ ಉಳಿಯಿತಂತೆ.
ಇನ್ನೊಂದರ ಕಣ್ಣು ಅಳಿಸಿದೆ, ಜರಿ ಹರಿದಿದೆ,
ಸೀಸದ ಬೆನ್ನಿನ ಮೇಲೆ ಹಲ್ಲಿನ ಗೀರು, ಸಾಲಾಗಿ.
"ನೋಡು, ಕೆಂಪು!" ಎಂದ.
ಮೀನೆಲ್ಲಿ ಅಂದೆ.
"ಕೈವರೆಗೆ ಬಂದು ಬಿಟ್ಟುಹೋಯಿತು."

ಸುಳ್ಳೋ ನಿಜವೋ,
ಗೀರಿನ ಮೇಲೆ ಬೆರಳಾಡಿಸಿದೆ.
ಬಣ್ಣ ಎದ್ದುಹೋದ ಜಾಗದಲ್ಲೇ ಹಲ್ಲು ಬಿದ್ದಿತ್ತು.
ಅಲ್ಲ, ಹಲ್ಲು ಬಿದ್ದದ್ದಕ್ಕೇ ಬಣ್ಣ ಎದ್ದಿತ್ತೇನೋ.
ಕೇಳೋಣವೆಂದರೆ ಮಾವ ಇಲ್ಲ,
ಇದ್ದಿದ್ದರೂ ಕೇಳಿಸುತ್ತಿರಲಿಲ್ಲ.

ರಾತ್ರಿ ಅಂಗಡಿ ಮುಚ್ಚಿ ಸೀಸ ಕರಗಿಸಿ
ಹೊಸತು ಆರು ಹೊಯ್ದೆ.
ಐದಕ್ಕೆ ಕೆಂಪು ಬಳಿದೆ, ಅಂಗಡಿ ನಡೆಯಬೇಕಲ್ಲ.
ಆರನೆಯದನ್ನು ಬೋಳಾಗಿಯೇ
ಕಿಟಕಿಯಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟೆ.
ಪಡುಗಾಳಿ ಬೀಸಿದಾಗೊಮ್ಮೆ
ಅದು ಸರಳಿಗೆ ತಾಗುತ್ತದೆ.
ಟಕ್.