ಬಾಡಿಗೆ ಮನೆಯ ಹಕ್ಕುಪತ್ರ

ದಿನಕ್ಕೆ ನೂರಿಪ್ಪತ್ತು ಶೀಷೆ,
ಊರವರ ಉಚ್ಚೆ ಪರೀಕ್ಷಿಸುವುದು ನನ್ನ ಉದ್ಯೋಗ.
ಸಕ್ಕರೆ, ರಕ್ತ, ಹರಳು;
ಹಳದಿಯೊಳಗೆ ಎಷ್ಟು ಹಳದಿಗಳಿವೆ ಎಂದು
ನನ್ನಷ್ಟು ಬಲ್ಲವರು ಲಾನ್ಸೆಸ್ಟನ್ನಿನಲ್ಲಿ ಕಡಿಮೆ.
ಸಂಜೆ ಕೈ ತೊಳೆದು, ಬಸ್ಸು ಹಿಡಿದು,
ಇನ್ವರ್ಮೇಯ ಹಲಗೆ ಮನೆಯ ಬಾಗಿಲು ತೆರೆದರೆ
ಮತ್ತೆ ಅದೇ.
ಲೇಬಲ್ಲಿಲ್ಲ, ಅಷ್ಟೆ.

ಮೊದಲು ಕಂಬಳಿ. ಆಮೇಲೆ ಚೀಲ.
ಆಮೇಲೆ ಆಗತಾನೆ ಮಡಿಚಿಟ್ಟ ಟವೆಲುಗಳ ನಟ್ಟನಡುವೆ,
ನನ್ನ ಕಣ್ಣಲ್ಲಿ ಕಣ್ಣಿಟ್ಟು.
"ಏ ಶುಂಠೀ!" ಅಂದೆ.
ಕೆಂಚು ಬಾಲ ನೆಟ್ಟಗೆ ಮಾಡಿಕೊಂಡು ಹೋದ
ಸಾಲ ತೀರಿಸಿದವನ ಹಾಗೆ.

ಡಾಕ್ಟರ್ ಫಿನೆಲ್ಲಾ ಹೊಟ್ಟೆ ಒತ್ತಿ ನೋಡಿದರು.
ಗಂಡು ಬೆಕ್ಕು, ಕಟ್ಟಿಕೊಂಡರೆ ಜೀವಕ್ಕೇ ಸಂಚಕಾರ,
ಮೊದಲು ಅದನ್ನು ನೋಡೋಣ ಎಂದರು.
ಕಟ್ಟಿರಲಿಲ್ಲ. ಹರಳಿಲ್ಲ, ಸೋಂಕಿಲ್ಲ.
ಮುನ್ನೂರ ಹನ್ನೆರಡು ಡಾಲರು.
ರಸೀದಿಯಲ್ಲಿ ಅವನಿಗೂ ನನ್ನ ಮನೆತನ ಅಂಟಿಸಿದ್ದರು:
ಶುಂಠಿ ಹುಣಸಿಕಟ್ಟಿ.
ಬೆಕ್ಕಿನ ಹೆಸರೋ ಗೊಜ್ಜಿನದೋ!
ನಕ್ಕೆ. ದುಡ್ಡು ಕೊಟ್ಟ ಮೇಲೆ ನಗಲೇಬೇಕಲ್ಲ.

ಬೆಕ್ಕು ಒಂದಾದರೂ ತಟ್ಟೆ ಎರಡಿರಲಿ, ಮುಚ್ಚಳ ಬೇಡ,
ಬೈಯಬೇಡಿ, ಮೂಗು ತಿಕ್ಕಿಸಬೇಡಿ.
ಎಲ್ಲ ಮಾಡಿದೆ. ಮರದ ಹೊಟ್ಟು, ಜೇಡಿ, ಕಾಗದದ ಉಂಡೆ,
ಮೂರು ಬಗೆ ಬಡಿಸಿದೆ, ಹೊಸ ಅಳಿಯನಿಗೆ ಬಡಿಸಿದಂತೆ.
ಮೂಸಿದ. ಒಂದು ಕಾಲು ಝಾಡಿಸಿದ.
ಹೋಗಿ ಕೂತ ಅದೇ ಮೂಲೆಗೆ,
ಕಿಟಕಿ ಕೆಳಗೆ, ಹೀಟರಿನ ಎಡಗಡೆ.

ಶುಕ್ರವಾರ ತಪಾಸಣೆ.
ಮೂರು ತಿಂಗಳಿಗೊಮ್ಮೆ ಏಜೆನ್ಸಿಯ ಬ್ರಾನ್ವಿನ್ ಬರುತ್ತಾಳೆ,
ಮನೆ ಕರಾರಿನಂತೆ ಇದೆಯೇ ಎಂದು ನೋಡಲು.
ಕರಾರಿನಲ್ಲಿ ಶುಂಠಿ ಇಲ್ಲ.
ಆರು ವರ್ಷದಿಂದ ಈ ಗೋಡೆಗೆ ಒಂದು ಮೊಳೆ ಹೊಡೆದಿಲ್ಲ;
ನನ್ನ ಕ್ಯಾಲೆಂಡರು ಫ್ರಿಜ್ಜಿನ ಪಕ್ಕೆಗೆ
ಅಯಸ್ಕಾಂತ ಕಚ್ಚಿಕೊಂಡು ನೇತಾಡುತ್ತದೆ.

ಗುರುವಾರ ರಾತ್ರಿ ದೀಪ ಆರಿಸಿ
ನೇರಳೆ ಟಾರ್ಚು ಹಿಡಿದು ಮಂಡಿಯೂರಿದೆ.
ಹೊರಗೆ ಜುಲೈ, ನದಿಯ ಮಂಜು ಗಾಜಿಗೆ ಒರಗಿತ್ತು.
ಹೊಳೆದವು ಕಲೆಗಳು. ಇದು ಮಂಗಳವಾರದ್ದು,
ಇದು ಲಸಿಕೆ ಹಾಕಿಸಿದ ದಿನದ್ದು.
ಆದರೆ ಇವು?
ಕಾರ್ಪೆಟ್ಟಿನ ಅಂಚು ಎತ್ತಿದೆ.
ಹಲಗೆಯುದ್ದಕ್ಕೂ ಮಾಸಿದ, ಅಗಲವಾದ,
ಒಂದರ ಮೇಲೊಂದು ಹತ್ತಾರು ಉಂಗುರ.
ಶುಂಠಿ ಹುಟ್ಟುವ ಮೊದಲಿನವು,
ನಾನು ಈ ದೇಶಕ್ಕೆ ಬರುವ ಮೊದಲಿನವೂ ಇರಬಹುದು.
ಯಾವುದೋ ಬೆಕ್ಕು, ಎಷ್ಟೋ ಚಳಿಗಾಲ,
ಇದು ನನ್ನದು ಇದು ನನ್ನದು ಎಂದು ಬರೆದು ಹೋಗಿದೆ.
ಹೀಟರು ಕಾದಿದೆ, ಹಲಗೆ ಬಾಯಿ ಬಿಟ್ಟಿದೆ.
ಆರು ವರ್ಷ ನಾನು ಓದಲಾರದ್ದನ್ನು
ಎಂಟು ತಿಂಗಳಲ್ಲಿ ಇವನು ಓದಿದ್ದಾನೆ,
ಜವಾಬು ಬರೆಯುತ್ತಿದ್ದಾನೆ.

ಕಿಣ್ವದ ದ್ರಾವಣ ಸುರಿದು, ನೆನೆಯಲು ಬಿಟ್ಟು,
ಬಟ್ಟೆಯಿಂದ ಒತ್ತಿದೆ. ಉಜ್ಜಬಾರದಂತೆ.
ಒತ್ತುತ್ತ ಒತ್ತುತ್ತ ಕೈ ನಿಂತಿತು,
ಯಾರದೋ ಸಹಿ ಅಳಿಸುತ್ತಿದ್ದೇನೆ ಅನ್ನಿಸಿ.
ನಿಂತದ್ದು ಒಂದೇ ಗಳಿಗೆ.
ಠೇವಣಿ ನೆನಪಾಯಿತು. ಮತ್ತೆ ಒತ್ತಿದೆ.

ಬ್ರಾನ್ವಿನ್ ಬಂದಳು.
ಶುಂಠಿಯನ್ನು ಪಕ್ಕದ ಮನೆಯ ಲಿಂಟನ್‌ನ ಬಚ್ಚಲಿಗೆ ಸಾಗಿಸಿದ್ದೆ.
ಓವನ್ನು, ನಲ್ಲಿ, ಕಿಟಕಿಯ ಚಿಲಕ, ಫೋಟೋ, ಫೋಟೋ.
ಹೀಟರಿನ ಬಳಿ ನಿಂತು ಮೂಗು ಅರಳಿಸಿದಳು.
ಒಗ್ಗರಣೆಗೆ ಇಂಗನ್ನು ಬೇಕೆಂದೇ ಕೈತಪ್ಪಿಸಿದ್ದೆ.
"ಅಡುಗೆ?" ಅಂದಳು.
"ಸಾರು" ಅಂದೆ.
ಅವಳ ಕರಿ ಪ್ಯಾಂಟಿನ ಮೊಣಕಾಲ ಕೆಳಗೆ
ಬಿಳಿ ಕೂದಲು, ಬೂದು ಕೂದಲು, ಒಂದೆರಡಲ್ಲ.
ನಾನು ನೋಡಿದ್ದನ್ನು ಅವಳು ನೋಡಿದಳು.
ಎಲ್ಲ ಸರಿಯಿದೆ ಎಂದು ಗೀಚಿ,
ಬಾಗಿಲಲ್ಲಿ ದನಿ ತಗ್ಗಿಸಿ ಹೇಳಿದಳು:
"ಊಟದ ಬಟ್ಟಲನ್ನೇ ಆ ಮೂಲೆಗೆ ಇಡಿ.
ಉಣ್ಣುವಲ್ಲಿ ಹೊಯ್ಯುವುದಿಲ್ಲ ಅವು."

ಇಟ್ಟಿದ್ದೇನೆ. ಹನ್ನೊಂದು ದಿನವಾಯಿತು.
ನಡುರಾತ್ರಿ ತಟ್ಟೆಯಲ್ಲಿ ಮರಳು ಕೆದಕುವ ಸದ್ದು;
ಇಷ್ಟು ಒಳ್ಳೆಯ ಸದ್ದನ್ನು ಈ ಊರಲ್ಲಿ ನಾನು ಕೇಳಿಲ್ಲ.

ನಿನ್ನೆ ಅಂಗಡಿಯಿಂದ ಒಂದು ಮೊಳೆ ತಂದೆ.
ಹೊಡೆದಿಲ್ಲ.
ಜೇಬಿನಲ್ಲಿದೆ.